ಹೈಬ್ರಿಡ್ ಕಾರು: ಪೆಟ್ರೋಲ್ ಉಳಿಯುತ್ತದೆ, ದುಡ್ಡು?

ಲೀಟರಿಗೆ 27.97 ಕಿಲೋಮೀಟರ್. 2022ರಲ್ಲಿ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್ ಬಂದಾಗ ಅವುಗಳ ಹೈಬ್ರಿಡ್ ಮಾದರಿಯ ಬೆನ್ನಿಗೆ ಬಂದ ಅಂಕಿ ಇದು. ಅಷ್ಟು ಗಾತ್ರದ ಪೆಟ್ರೋಲ್ ಕಾರು, ಅದೂ ಆಟೊಮ್ಯಾಟಿಕ್, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹತ್ತೋ ಹನ್ನೊಂದೋ ಕೊಟ್ಟರೆ ಸಾಕು ಎಂದುಕೊಂಡಿದ್ದವರ ಕಿವಿಗೆ ಇಪ್ಪತ್ತೆಂಟು ಎಂಬುದು ಬಿದ್ದದ್ದೇ ತಡ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಅದೇ ಮಾತು. “ಇರೋ ಕಾರು ಕೊಟ್ಟು ಹೈಬ್ರಿಡ್ ತಗೊಂಡ್ರೆ ಪೆಟ್ರೋಲ್ ಖರ್ಚು ಅರ್ಧಕ್ಕೆ ಇಳಿಯುತ್ತಂತಲ್ಲ ಭಾವ, ಹೌದಾ?”

ಭಾವನ ಉತ್ತರ ಸಾಮಾನ್ಯವಾಗಿ ಅವರ ಮನೆ ಮುಂದೆ ನಿಂತಿರುವ ಕಾರಿನದೇ ಉತ್ತರ. ಹೈಬ್ರಿಡ್ ಕೊಂಡವರು ಮೀಟರಿನ ಫೋಟೊ ತೋರಿಸುತ್ತಾರೆ. ಡೀಸೆಲ್ ಇಟ್ಟುಕೊಂಡವರು “ಬ್ಯಾಟರಿ ಹೋದ್ರೆ ಗೊತ್ತಾಗುತ್ತೆ ಬಿಡಿ” ಅನ್ನುತ್ತಾರೆ. ಎಲೆಕ್ಟ್ರಿಕ್ ಕೊಂಡವರು ಇಬ್ಬರನ್ನೂ ನೋಡಿ ನಗುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಆದರೆ ಕೇಳಿದವರಿಗೆ ಬೇಕಾದ ಉತ್ತರ ಇವರಲ್ಲಿ ಯಾರ ಬಳಿಯೂ ಇಲ್ಲ. ಏಕೆಂದರೆ ಆ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಪೆಟ್ರೋಲ್ ಉಳಿಯುತ್ತದೆಯೇ ಎಂಬುದು ಒಂದು, ದುಡ್ಡು ಉಳಿಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾರು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಎಲ್ಲಿ ಓಡಿಸುತ್ತೀರಿ, ಕಾರನ್ನು ಯಾಕೆ ಬದಲಿಸುತ್ತಿದ್ದೀರಿ ಎಂಬುದೇ ಉತ್ತರ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಶೋರೂಮಿನಲ್ಲಿ ‘ಹೈಬ್ರಿಡ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕುಗಳಿವೆ. ‘ಮೈಲ್ಡ್’ ಅಥವಾ ‘ಸ್ಮಾರ್ಟ್’ ಹೈಬ್ರಿಡ್ ಎನ್ನುವುದರಲ್ಲಿ ಆಲ್ಟರ್ನೇಟರಿನ ಜಾಗದಲ್ಲಿ ಸ್ವಲ್ಪ ದೊಡ್ಡದೊಂದು ಮೋಟಾರು, ಪುಟ್ಟ ಬ್ಯಾಟರಿ ಇರುತ್ತವೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಹೊಡೆಸುವುದು, ವೇಗ ಹೆಚ್ಚಿಸುವಾಗ ಕೈಜೋಡಿಸುವುದು, ಇಷ್ಟೇ ಅದರ ಕೆಲಸ. ಎಂಜಿನ್ ಇಲ್ಲದೆ ಕಾರನ್ನು ಒಂದಡಿಯೂ ಮುಂದೆ ತಳ್ಳಲಾರದು. 2015ರ ಸುಮಾರಿಗೆ ಮಾರುತಿ ಸಿಯಾಜ್ ಡೀಸೆಲ್ ಮೇಲೆ ಬಂದ ಎಸ್‌ಎಚ್‌ವಿಎಸ್ ಎಂಬ ಅಕ್ಷರಗಳು ಈ ಜಾತಿಯವೇ. ಕೇಂದ್ರ ಸರ್ಕಾರ ಆಗ ‘ಫೇಮ್’ ಯೋಜನೆಯಡಿ ಅದಕ್ಕೂ ಸಹಾಯಧನ ಕೊಟ್ಟು, 2017ರಲ್ಲಿ ನಿಲ್ಲಿಸಿತು. ‘ಸ್ಟ್ರಾಂಗ್ ಹೈಬ್ರಿಡ್’ ಬೇರೆಯೇ ಜಾತಿ. ಅದು ಎಂಜಿನ್ ಆರಿಸಿ, ಬರೀ ಮೋಟಾರಿನಲ್ಲಿ ಒಂದಷ್ಟು ದೂರ ಓಡಬಲ್ಲದು. 27.97 ಬಂದದ್ದು ಇದಕ್ಕೆ. ಅದೇ ಗ್ರ್ಯಾಂಡ್ ವಿಟಾರಾದ ಮೈಲ್ಡ್ ಹೈಬ್ರಿಡ್ ಮ್ಯಾನುಯಲ್‌ಗೆ ಬಂದದ್ದು 21.11. ಈ ಬರಹದಲ್ಲಿ ಹೈಬ್ರಿಡ್ ಎಂದರೆ ಸ್ಟ್ರಾಂಗ್ ಹೈಬ್ರಿಡ್ ಎಂದೇ ತಿಳಿಯಿರಿ.

ಇದು ಹೊಸದೇನಲ್ಲ. ಟೊಯೊಟಾ ಪ್ರಿಯಸ್ ಜಪಾನಿನಲ್ಲಿ ರಸ್ತೆಗಿಳಿದದ್ದು 1997ರ ಡಿಸೆಂಬರಿನಲ್ಲಿ. ನಮ್ಮಲ್ಲಿ ಹೋಂಡಾ 2008ರಲ್ಲೇ ಸಿವಿಕ್ ಹೈಬ್ರಿಡ್ ತಂದಿತ್ತು. ಹೊರದೇಶದಿಂದ ಇಡಿಯಾಗಿ ಬಂದ ಕಾರು, ಬೆಲೆ ಇಪ್ಪತ್ತು ಲಕ್ಷದ ಮೇಲೆ. ಕೊಳ್ಳುವವರು ಹೆಚ್ಚು ಸಿಗಲಿಲ್ಲ. 2013ರಲ್ಲಿ ಟೊಯೊಟಾ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರುಮಾಡಿತು. ಅದೂ ದೊಡ್ಡವರ ಕಾರಾಗಿಯೇ ಉಳಿಯಿತು. ಮಧ್ಯಮ ವರ್ಗದ ಮನೆ ಬಾಗಿಲಿಗೆ ಹೈಬ್ರಿಡ್ ಬಂದದ್ದು 2022ರಲ್ಲಿ. ಆ ವರ್ಷವೇ ಹೋಂಡಾ ಸಿಟಿ, ಹೈರೈಡರ್, ಗ್ರ್ಯಾಂಡ್ ವಿಟಾರಾ, ಕೊನೆಗೆ ಇನ್ನೋವಾ ಹೈಕ್ರಾಸ್ ಸಾಲಾಗಿ ಬಂದವು. ಇವುಗಳಲ್ಲಿ ಸಿಟಿಯೊಂದನ್ನು ಬಿಟ್ಟು ಮಿಕ್ಕ ಮೂರೂ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾದವು, ಮೇಲೆ ಮಾರುತಿಯ ಲಾಂಛನವಿದ್ದದ್ದೂ ಸೇರಿ.

ಪೆಟ್ರೋಲ್ ಉಳಿಯುವುದು ಹೇಗೆ? ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ‘ತಾನೇ ಚಾರ್ಜ್ ಆಗುವ ಕಾರು’ ಎಂಬ ಜಾಹೀರಾತು ಕೇಳಿ, ಕರೆಂಟು ಪುಕ್ಕಟೆ ಸಿಗುತ್ತದೆ ಎಂದು ನಂಬಿದವರಿದ್ದಾರೆ. ಈ ಕಾರುಗಳಿಗೆ ಪ್ಲಗ್ ಇಲ್ಲ. ಬ್ಯಾಟರಿಗೆ ಬರುವ ಪ್ರತಿ ಯೂನಿಟ್ ಕರೆಂಟೂ ನೀವು ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಿಂದಲೇ ಹುಟ್ಟಿದ್ದು. ಉಳಿತಾಯ ಬರುವುದು, ಮಾಮೂಲಿ ಕಾರು ಚೆಲ್ಲಿಬಿಡುವುದನ್ನು ಇದು ಬಾಚಿಕೊಳ್ಳುವುದರಿಂದ. ಬ್ರೇಕ್ ಒತ್ತಿದಾಗ ಮಾಮೂಲಿ ಕಾರಿನ ಓಟವೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರು ಆಗ ಜನರೇಟರಾಗಿ ತಿರುಗಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿರುತ್ತದೆ, ಎಸಿ ಮಾತ್ರ ಬ್ಯಾಟರಿಯಿಂದ ನಡೆಯುತ್ತಿರುತ್ತದೆ. ಪೆಟ್ರೋಲ್ ಎಂಜಿನ್ನು ಅತಿ ಹೆಚ್ಚು ದಂಡ ಮಾಡುವುದು ತೆವಳುವ ವೇಗದಲ್ಲಿ. ಆ ಹೊತ್ತಿನ ಕೆಲಸವನ್ನು ಮೋಟಾರು ವಹಿಸಿಕೊಳ್ಳುತ್ತದೆ. ಎಂಜಿನ್ನೂ ‘ಅಟ್ಕಿನ್‌ಸನ್’ ಕ್ರಮದ್ದು. ಹನಿ ಹನಿ ಇಂಧನವನ್ನೂ ಪೂರ್ತಿ ಹಿಂಡುತ್ತದೆ, ಆದರೆ ಎಳೆಯುವ ಕಸುವು ಕಡಿಮೆ. ಆ ಕೊರತೆಯನ್ನು ಮೋಟಾರು ತುಂಬುತ್ತದೆ. ಹೈರೈಡರ್‌ನ ಎಂಜಿನ್ ಮೂರು ಸಿಲಿಂಡರಿನ 1.5 ಲೀಟರ್, ಅದರ ಬ್ಯಾಟರಿ ಬರೀ 0.76 ಕಿಲೋವ್ಯಾಟ್ ಅವರ್. ಒಂದು ಯೂನಿಟ್ ಕರೆಂಟು ಕೂಡ ಹಿಡಿಸದಷ್ಟು ಸಣ್ಣದು.

ಇದೇ ಕಾರಣಕ್ಕೆ ಊರೊಳಗಿನ ಮೈಲೇಜು ಹೆದ್ದಾರಿಯ ಮೈಲೇಜಿಗೆ ಸಮನಾಗಿ, ಕೆಲವೊಮ್ಮೆ ಮೀರಿಯೂ ನಿಲ್ಲುವ ವಿಚಿತ್ರ ಇಲ್ಲಿ ಕಾಣುತ್ತದೆ. ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ ನಿಂತು ನಿಂತು ಹೋಗುವವರಿಗೆ ಹೈಬ್ರಿಡ್‌ನ ಲಾಭ ಪೂರ್ತಿ. ತುಮಕೂರು ದಾಟಿ ಹುಬ್ಬಳ್ಳಿ ಕಡೆಗೆ ನೂರರ ವೇಗದಲ್ಲಿ ಒಂದೇ ಸಮ ಹೋಗುವವರಿಗೆ ಬ್ರೇಕೇ ಇಲ್ಲ, ಬಾಚಿಕೊಳ್ಳಲು ಏನೂ ಇಲ್ಲ. ಎಂಜಿನ್ ನಡೆಯುತ್ತಲೇ ಇರುತ್ತದೆ, ಲಾಭ ಕುಗ್ಗುತ್ತದೆ. ಘಾಟಿ ಇಳಿಯುವಾಗ ಸಿಕ್ಕಾಪಟ್ಟೆ ಚಾರ್ಜ್ ಆಗುತ್ತದೆ ಎಂದು ಮಲೆನಾಡಿನವರು ಆಸೆಪಡುವುದುಂಟು. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ಆ ಪುಟ್ಟ ಬ್ಯಾಟರಿ ಗುಂಡ್ಯ ಸೇರುವ ಎಷ್ಟೋ ಮೊದಲೇ ತುಂಬಿಬಿಡುತ್ತದೆ. ಆಮೇಲೆ ಮಾಮೂಲಿ ಕಾರಿನ ಹಾಗೆ ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಇನ್ನು ಹಾಲು ತರಲು, ಮಗುವನ್ನು ಶಾಲೆಗೆ ಬಿಡಲು ಎಂದು ಒಂದೆರಡು ಕಿಲೋಮೀಟರಿಗೆ ಮಾತ್ರ ತೆಗೆಯುವ ಕಾರಾದರೆ ಎಂಜಿನ್ ಬಿಸಿಯಾಗಲೆಂದೇ ಒಂದಷ್ಟು ಹೊತ್ತು ಉರಿಯುತ್ತದೆ. ಅಂಥ ಓಟದಲ್ಲಿ ಹೈಬ್ರಿಡ್ ಮೈಲೇಜೂ ಸಪ್ಪೆಯೇ.

27.97 ಎಂಬುದು ಪ್ರಯೋಗಾಲಯದ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ, ಎಸಿ ಇಲ್ಲದೆ ಅಳೆದ ಅಂಕಿ. ರಸ್ತೆಯಲ್ಲಿ ಅದರ ಮುಕ್ಕಾಲು ಪಾಲು ಬಂದರೆ ಒಳ್ಳೆಯ ಓಟ ಎನ್ನಬೇಕು. ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಯುತ್ತಿರುವುದೂ ಇದಕ್ಕೆ ಸೇರುತ್ತದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಆದರೆ ಅದು ಎಲ್ಲ ಪೆಟ್ರೋಲ್ ಕಾರಿಗೂ ಬೀಳುವ ಏಟು, ಹೈಬ್ರಿಡ್‌ಗೆ ಮಾತ್ರ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿ ‘ಇವಿ ಮೋಡ್ ಶೇ 60’ ಎಂದು ಬಂದಾಗ ಹಿಗ್ಗುವವರಿಗೂ ಒಂದು ಮಾತು: ಆ ಲೆಕ್ಕದಲ್ಲಿ ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತ ಹೊತ್ತೂ ಸೇರಿರಬಹುದು. ಹೊತ್ತಿನಲ್ಲಿ ಶೇ 60 ಎಂದರೆ ದೂರದಲ್ಲಿ ಶೇ 60 ಅಲ್ಲ.

ಈಗ ದುಡ್ಡಿನ ಲೆಕ್ಕ. ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳೋಣ. ಊರೊಳಗೆ ಆಟೊಮ್ಯಾಟಿಕ್ ಪೆಟ್ರೋಲ್ ಕಾರು 11 ಕೊಡುತ್ತದೆ, ಅದೇ ಗಾತ್ರದ ಹೈಬ್ರಿಡ್ 20 ಕೊಡುತ್ತದೆ ಎಂದುಕೊಳ್ಳೋಣ. ತಿಂಗಳಿಗೆ ಸಾವಿರ ಕಿಲೋಮೀಟರಿನಂತೆ ವರ್ಷಕ್ಕೆ 12,000 ಓಡಿದರೆ ಪೆಟ್ರೋಲ್ ಕಾರು ಸುಮಾರು 1,090 ಲೀಟರ್ ಕುಡಿಯುತ್ತದೆ, ಹೈಬ್ರಿಡ್ 600 ಲೀಟರ್. ಉಳಿದದ್ದು 490 ಲೀಟರ್, ಐವತ್ತು ಸಾವಿರ ರೂಪಾಯಿ. ಮಾತು ಸುಳ್ಳಲ್ಲ, ಖರ್ಚು ಹತ್ತಿರ ಹತ್ತಿರ ಅರ್ಧವಾಯಿತು.

ಆದರೆ ಹೈಬ್ರಿಡ್ ದುಬಾರಿ. ಒಂದೇ ಸೌಲಭ್ಯಗಳಿರುವ ಆಟೊಮ್ಯಾಟಿಕ್ ಪೆಟ್ರೋಲಿಗೂ ಹೈಬ್ರಿಡ್‌ಗೂ ಶೋರೂಂ ಬೆಲೆಯಲ್ಲಿ ಎರಡೂವರೆ ಲಕ್ಷ ಅಂತರವಿದೆ ಎಂದು ಹಿಡಿಯೋಣ. ನಿಮ್ಮ ಮಾದರಿಗೆ ಹೆಚ್ಚುಕಡಿಮೆ ಇರಬಹುದು. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17, ತೆರಿಗೆಯ ಮೇಲೆ ಸೆಸ್ ಬೇರೆ. ಅಂದರೆ ಪೆಟ್ರೋಲ್ ಉಳಿಸಲೆಂದು ನೀವು ಕೊಡುವ ಹೆಚ್ಚುವರಿ ಎರಡೂವರೆ ಲಕ್ಷದ ಮೇಲೂ ನಲವತ್ತೈದು ಸಾವಿರಕ್ಕೂ ಮೀರಿ ತೆರಿಗೆ ಕಟ್ಟಬೇಕು. ವಿಮೆಯೂ ಸ್ವಲ್ಪ ಏರುತ್ತದೆ. ರಸ್ತೆಗಿಳಿಯುವಷ್ಟರಲ್ಲಿ ಅಂತರ ಮೂರು ಲಕ್ಷ. ವರ್ಷಕ್ಕೆ ಐವತ್ತು ಸಾವಿರದಂತೆ ಅದು ವಾಪಸು ಬರಲು ಆರು ವರ್ಷ.

ಆರು ವರ್ಷ ಎಂಬುದೂ ಬಡ್ಡಿಯನ್ನು ಮರೆತ ಲೆಕ್ಕ. ಆ ಮೂರು ಲಕ್ಷವೂ ಸಾಲವಾದರೆ, ಶೇ 9ರಂತೆ ಐದು ವರ್ಷಕ್ಕೆ ಇಎಂಐ ತಿಂಗಳಿಗೆ ಸುಮಾರು 6,200 ರೂಪಾಯಿ. ಪೆಟ್ರೋಲಿನಲ್ಲಿ ತಿಂಗಳಿಗೆ ಉಳಿಯುವುದು 4,200. ಸಾಲ ತೀರುವವರೆಗೂ ಪ್ರತಿ ತಿಂಗಳು ಎರಡು ಸಾವಿರ ಕೈಯಿಂದಲೇ ಹೋಗುತ್ತದೆ. ಬಂಕಿನಲ್ಲಿ ಅನುಭವವಾಗುವ ಉಳಿತಾಯ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣಿಸುವುದು ಸುಮಾರು ಏಳೂವರೆ ವರ್ಷದ ನಂತರ. ಅಷ್ಟು ವರ್ಷ ಒಂದೇ ಕಾರು ಇಟ್ಟುಕೊಳ್ಳುವ ಅಭ್ಯಾಸ ಇರುವವರಿಗೆ ಅದು ನಷ್ಟವಲ್ಲ. ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ, ಮುಂದಿನವರ ಉಳಿತಾಯಕ್ಕೆ ತಾವು ಮುಂಗಡ ಕೊಟ್ಟ ಹಾಗೆ. ಮಾರುವಾಗ ಒಳ್ಳೆಯ ಬೆಲೆ ಬಂದರೆ ಅದರಲ್ಲೊಂದಿಷ್ಟು ಹಿಂದಿರುಗಬಹುದು ಎಂಬುದನ್ನೂ ಒಪ್ಪಬೇಕು.

ಓಟ ಬದಲಾದರೆ ಉತ್ತರವೇ ಬದಲಾಗುತ್ತದೆ. ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ದಿನಾ ಹೋಗಿಬರುವ, ವರ್ಷಕ್ಕೆ 20,000 ಕಿಲೋಮೀಟರ್ ಊರೊಳಗೇ ಸವೆಸುವ ಮನುಷ್ಯನಿಗೆ ಉಳಿತಾಯ ಎಂಬತ್ತು ಸಾವಿರ ದಾಟುತ್ತದೆ, ಮೂರೂವರೆ ವರ್ಷದ ಆಚೀಚೆ ಅಂತರ ತೀರುತ್ತದೆ. ಮನೆಯಿಂದಲೇ ಕೆಲಸ ಮಾಡುತ್ತ ವಾರಾಂತ್ಯಕ್ಕೆ ಮಾತ್ರ ಕಾರು ತೆಗೆದು ವರ್ಷಕ್ಕೆ 6,000 ಓಡಿಸುವವರಿಗೆ ಹನ್ನೆರಡು ವರ್ಷ ಬೇಕು. 12,000ವೇ ಓಡಿದರೂ ಎಲ್ಲ ಹೆದ್ದಾರಿಯಲ್ಲೇ ಎಂದರೆ, ಅಲ್ಲಿ ಪೆಟ್ರೋಲಿಗೆ 15, ಹೈಬ್ರಿಡ್‌ಗೆ 20 ಎಂದು ಹಿಡಿದರೆ, ಉಳಿಯುವುದು ವರ್ಷಕ್ಕೆ 200 ಲೀಟರ್. ಇಪ್ಪತ್ತು ಸಾವಿರ ಚಿಲ್ಲರೆ. ಹದಿನಾಲ್ಕು ವರ್ಷ ಕಾಯಬೇಕು. ಕಾರು ಒಂದೇ, ಬೆಲೆ ಒಂದೇ. ಒಬ್ಬರಿಗೆ ಜಾಣತನ, ಇನ್ನೊಬ್ಬರಿಗೆ ದುಬಾರಿ ಹವ್ಯಾಸ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಕಡೆ ಆಗುತ್ತದೆ. ಮೇಲಿನ ಲೆಕ್ಕವೆಲ್ಲ ಹೇಗೂ ಹೊಸ ಕಾರು ಕೊಳ್ಳಲೇಬೇಕಾಗಿರುವವರದು. ಅವರು ಎರಡು ಹೊಸ ಕಾರುಗಳ ನಡುವಿನ ಮೂರು ಲಕ್ಷವನ್ನು ತೂಗುತ್ತಿದ್ದಾರೆ. ಆದರೆ ಮದುವೆಮನೆಯ ಪ್ರಶ್ನೆ ಅದಲ್ಲ: ಚೆನ್ನಾಗಿ ಓಡುತ್ತಿರುವ ಕಾರನ್ನು ಪೆಟ್ರೋಲ್ ಖರ್ಚಿಗೆ ಹೆದರಿ ಕೊಟ್ಟುಬಿಡಬೇಕೇ ಎಂಬುದು. ಹಳೇ ಕಾರಿಗೆ ನಾಲ್ಕು ಲಕ್ಷ ಬಂದು, ಹೈಬ್ರಿಡ್ ರಸ್ತೆಗಿಳಿಯಲು 21 ಲಕ್ಷವಾದರೆ, ಕೈಯಿಂದ ಹೋಗುವುದು 17 ಲಕ್ಷ. ಹಳೇ ಕಾರು ಲೀಟರಿಗೆ 12 ಕೊಡುತ್ತಿದ್ದರೆ ಅದರ ವರ್ಷದ ಪೆಟ್ರೋಲ್ ಖರ್ಚೇ 1.03 ಲಕ್ಷ, ಉಳಿತಾಯವಲ್ಲ, ಇಡೀ ಖರ್ಚು. ಆ 17 ಲಕ್ಷವನ್ನು ಶೇ 6.5ರ ಠೇವಣಿಯಲ್ಲಿಟ್ಟರೆ ಬಡ್ಡಿ 1.10 ಲಕ್ಷ. ಬಡ್ಡಿಯ ಮೇಲಿನ ಆದಾಯ ತೆರಿಗೆಯನ್ನು ಬಿಟ್ಟು ನೋಡಿದರೆ, ಅದರಲ್ಲೇ ಹಳೇ ಕಾರಿಗೆ ವರ್ಷವಿಡೀ ಪೆಟ್ರೋಲ್ ಹಾಕಿಸಿ ಒಂದು ಸರ್ವಿಸ್ಸಿಗಾಗುವಷ್ಟು ಮಿಗುತ್ತದೆ. ಹೈಬ್ರಿಡ್ ಗಾಳಿ ಕುಡಿದು ಓಡಿದರೂ ಈ ಲೆಕ್ಕ ಕೂಡುವುದಿಲ್ಲ. ಹಳೇ ಕಾರು ಪದೇ ಪದೇ ಗ್ಯಾರೇಜು ಕಾಣುತ್ತಿದ್ದರೆ, ಏರ್‌ಬ್ಯಾಗಿನಂಥ ಸುರಕ್ಷತೆ ಬೇಕೆನಿಸಿದರೆ, ಮನೆಮಂದಿಗೆ ಜಾಗ ಸಾಲದಿದ್ದರೆ ಬದಲಿಸಿ. ಅವೆಲ್ಲ ನ್ಯಾಯವಾದ ಕಾರಣಗಳು. ಪೆಟ್ರೋಲ್ ಮಾತ್ರ ಅಲ್ಲ.

ಹಳೇ ಕಾರು ಯಾವುದು ಎಂಬುದೂ ಮುಖ್ಯ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಅಳೆಯುವ ನಮ್ಮ ಅಭ್ಯಾಸ ಇಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ. 12,000 ಕಿಲೋಮೀಟರಿಗೆ, ಹತ್ತು ಕೊಡುವ ಕಾರಿನಿಂದ ಹದಿನೈದು ಕೊಡುವ ಕಾರಿಗೆ ಬಂದರೆ 400 ಲೀಟರ್ ಉಳಿಯುತ್ತದೆ. ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಬಂದರೆ 120 ಲೀಟರ್ ಮಾತ್ರ. ಎರಡೂ ಕಡೆ ಏರಿಕೆ ಐದೇ. ಹಾಗಾಗಿ ಹಳೆಯ ದೊಡ್ಡ ಪೆಟ್ರೋಲ್ ಎಸ್‌ಯುವಿಯಿಂದ ಹೈಬ್ರಿಡ್‌ಗೆ ಬರುವವರಿಗೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಊರೊಳಗೂ ಹದಿನೈದು ಕೊಡುವ ಸ್ವಿಫ್ಟ್, ಡಿಜೈರ್ ಇಟ್ಟುಕೊಂಡವರು ‘ಮೈಲೇಜಿಗಾಗಿ’ ಹೈಬ್ರಿಡ್ ಎಸ್‌ಯುವಿಗೆ ಹೋದರೆ ತಿಂಗಳಿಗೆ ಸಾವಿರದ ಏಳ್ನೂರು ರೂಪಾಯಿ ಉಳಿಸಿದ ತೃಪ್ತಿ ಮಾತ್ರ ಸಿಗುತ್ತದೆ.

ಸರ್ಕಾರ ಯಾವ ಕಡೆ ಇದೆ? 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರಿಗೆ ಮೀರದ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ಶೇ 18, ದೊಡ್ಡವಕ್ಕೆ ಶೇ 40, ಎಲೆಕ್ಟ್ರಿಕ್‌ಗೆ ಮೊದಲಿನಂತೆ ಶೇ 5. ಗ್ರ್ಯಾಂಡ್ ವಿಟಾರಾ, ಹೈರೈಡರ್, ಹೈಕ್ರಾಸ್ ನಾಲ್ಕು ಮೀಟರಿಗಿಂತ ಉದ್ದವಾದ್ದರಿಂದ ಶೇ 40ರ ಸಾಲಿನಲ್ಲಿ ನಿಂತವು. ಮೊದಲಿದ್ದ 43ಕ್ಕೆ ಹೋಲಿಸಿದರೆ ಇಳಿಕೆಯೇ. ಆದರೆ ಇದರೊಳಗೆ ಇನ್ನೊಂದು ಮಾತಿದೆ. ಹಿಂದೆ ಹೈಕ್ರಾಸ್‌ನ ಬರೀ ಪೆಟ್ರೋಲ್ ಮಾದರಿಗೆ ಸೆಸ್ ಸೇರಿ ಶೇ 50, ಹೈಬ್ರಿಡ್‌ಗೆ 43 ಇತ್ತು. ಏಳರ ರಿಯಾಯಿತಿ. ಈಗ ಎರಡಕ್ಕೂ 40. ಕಡಿಮೆ ಪೆಟ್ರೋಲ್ ಕುಡಿಯುವ ಕಾರಿಗೆ ಕೇಂದ್ರದ ತೆರಿಗೆಯಲ್ಲಿ ಇದ್ದ ಚೂರು ಮರ್ಯಾದೆಯೂ ಹೋಯಿತು. ಹೈಬ್ರಿಡ್ ತೆರಿಗೆ ಇಳಿಸಬೇಕೆಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಹೇಳುತ್ತ ಬಂದಿದ್ದರು. ಟೊಯೊಟಾ, ಮಾರುತಿ ಕಂಪನಿಗಳ ಒತ್ತಾಯವೂ ಅದೇ. ಎಲೆಕ್ಟ್ರಿಕ್ ಮೇಲೆ ಬಂಡವಾಳ ಹೂಡಿರುವ ಟಾಟಾದಂಥ ಕಂಪನಿಗಳ ವಾದ ಇದಕ್ಕೆ ತದ್ವಿರುದ್ಧ: ಪೆಟ್ರೋಲ್ ಸುಡುವ ಕಾರಿಗೆ ಸಹಾಯ ಮಾಡಿದರೆ ಎಲೆಕ್ಟ್ರಿಕ್‌ಗೆ ಹೋಗುವವರನ್ನು ತಡೆದಂತಾಗುತ್ತದೆ ಎಂದು. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆಯನ್ನು ಪೂರ್ತಿ ಬಿಟ್ಟಿತು. ಲಖನೌದಲ್ಲಿ ಕೊಂಡವರಿಗೆ ಲೆಕ್ಕ ಸುಲಭವಾಯಿತು. ಕಾರು ತಯಾರಾಗುವ ಬಿಡದಿಯಿಂದ ಕೂಗಳತೆಯಲ್ಲಿರುವ ಬೆಂಗಳೂರಿನವರಿಗೆ ಆ ಭಾಗ್ಯ ಬರಲಿಲ್ಲ.

ಟಾಟಾದವರ ವಾದ ಸ್ವಾರ್ಥದ್ದು ಎಂದು ತಳ್ಳಿಹಾಕುವಂತಿಲ್ಲ. ಇಂಧನದ ಖರ್ಚೊಂದೇ ಅಳತೆಗೋಲಾದರೆ ಹೈಬ್ರಿಡ್‌ನ ದೊಡ್ಡ ಎದುರಾಳಿ ಪೆಟ್ರೋಲ್ ಕಾರಲ್ಲ, ಎಲೆಕ್ಟ್ರಿಕ್ ಕಾರು. ಮೇಲಿನ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಒಂಬತ್ತು ರೂಪಾಯಿ ಮೀರಿದ ಖರ್ಚು, ಹೈಬ್ರಿಡ್‌ಗೆ ಐದು ಚಿಲ್ಲರೆ. ಮನೆಯ ಕರೆಂಟಿನಲ್ಲಿ ಚಾರ್ಜ್ ಮಾಡುವ ಎಲೆಕ್ಟ್ರಿಕ್‌ಗೆ ಒಂದೂವರೆ ರೂಪಾಯಿಯೊಳಗೆ. ಹೈಬ್ರಿಡ್ ಖರ್ಚನ್ನು ಅರ್ಧ ಮಾಡಿದರೆ ಎಲೆಕ್ಟ್ರಿಕ್ ಆರನೇ ಒಂದಕ್ಕೆ ಇಳಿಸುತ್ತದೆ. ಸ್ವಂತ ಮನೆ, ಸ್ವಂತ ಕಾರ್ ಶೆಡ್ಡು, ಊರೊಳಗಿನ ಓಟ ಇರುವವರಿಗೆ ನಾನು ಹೈಬ್ರಿಡ್ ಹೇಳಲಾರೆ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು ಕಾರನ್ನು ಬೀದಿಯಲ್ಲೇ ನಿಲ್ಲಿಸುವವರು ಎಷ್ಟು ಮಂದಿ! ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಚಾರ್ಜರ್ ಹಾಕಿಸಲು ಸಂಘದ ಮೀಟಿಂಗಿನಲ್ಲಿ ಒಪ್ಪಿಗೆ ಪಡೆಯಲು ಹೆಣಗಿದವರನ್ನು ಕೇಳಿ ನೋಡಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲೇ ದಿನಾ ತುಂಬಿಸಿದರೆ ಯೂನಿಟ್ ದರ ಮೂರು ಪಟ್ಟು, ಅಲ್ಲಿಗೆ ಎಲೆಕ್ಟ್ರಿಕ್‌ನ ಲಾಭವೂ ಕರಗುತ್ತದೆ. ಊರಿನ ಹಬ್ಬಕ್ಕೆ ಬೀದರಿಗೋ ಕಾರವಾರಕ್ಕೋ ರಾತ್ರೋರಾತ್ರಿ ಹೊರಡುವವರಿಗೆ ಐದು ನಿಮಿಷದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುವ ನೆಮ್ಮದಿಗೂ ಬೆಲೆಯಿದೆ. ಸಿಎನ್‌ಜಿ ಇನ್ನೊಂದು ದಾರಿ. ಗ್ರ್ಯಾಂಡ್ ವಿಟಾರಾ ಸಿಎನ್‌ಜಿಗೆ ಕಿಲೋಗೆ 26.6 ಎಂಬ ಅಂಕಿಯಿದೆ, ಕಾರೂ ಅಗ್ಗ. ಬಂಕಿನ ಸಾಲಿನಲ್ಲಿ ಕಾಯುವ ತಾಳ್ಮೆ ಇರಬೇಕು, ಡಿಕ್ಕಿಯ ಆಸೆ ಬಿಡಬೇಕು.

ಡಿಕ್ಕಿ ಎಂದಾಗ ನೆನಪಾಯಿತು, ಹೈಬ್ರಿಡ್‌ನಲ್ಲೂ ಅದೇ ಪಾಡು. ಮಾಮೂಲಿ ಗ್ರ್ಯಾಂಡ್ ವಿಟಾರಾದ ಡಿಕ್ಕಿ 373 ಲೀಟರ್, ಹೈಬ್ರಿಡ್‌ನದು 265. ಬ್ಯಾಟರಿ ಆ ಜಾಗ ತಿಂದಿದೆ. ನಾಲ್ಕು ಜನರ ಲಗೇಜು ಹಾಕಿ ಧರ್ಮಸ್ಥಳಕ್ಕೆ ಹೊರಟಾಗ ಆ ನೂರು ಲೀಟರಿನ ಬೆಲೆ ಗೊತ್ತಾಗುತ್ತದೆ.

ಬ್ಯಾಟರಿಯ ಭಯ ಮಾತ್ರ ಅರ್ಧಕ್ಕಿಂತ ಹೆಚ್ಚು ಅನಗತ್ಯ ಎಂದು ನನ್ನ ಅಭಿಪ್ರಾಯ. ಟೊಯೊಟಾ, ಮಾರುತಿ ಎರಡೂ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. ಈ ಕಾರುಗಳು ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ, ಮಧ್ಯದ ಒಂದು ಪಟ್ಟಿಯಲ್ಲೇ ಆಡಿಸುತ್ತವೆ. ಆಯುಷ್ಯ ಹೆಚ್ಚಲು ಅದೇ ಕಾರಣ. ಲೋಕದ ಹಲವು ನಗರಗಳಲ್ಲಿ ಪ್ರಿಯಸ್ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ದುಡಿದಿದೆ. ಟೊಯೊಟಾ ಕ್ರಮದ ಹೈಬ್ರಿಡ್‌ನಲ್ಲಿ ಕ್ಲಚ್ಚಿಲ್ಲ, ಪ್ರತ್ಯೇಕ ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರಿಲ್ಲ. ಕೆಡಬಹುದಾದ ಮೂರು ಸಾಮಾನು ಕಡಿಮೆ. ಅರ್ಧ ಕೆಲಸ ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡೂ ಹೆಚ್ಚು ಬಾಳುತ್ತದೆ. ನಿಜವಾದ ತೊಡಕು ಬೇರೆ. ಊರಿನ ನಂಬಿಕೆಯ ಮೆಕ್ಯಾನಿಕ್ಕು ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಕಂಡರೆ ಕೈಹಾಕುವುದಿಲ್ಲ, ಹಾಕಲೂಬಾರದು. ಶಿರಸಿಯಲ್ಲೋ ಯಾದಗಿರಿಯಲ್ಲೋ ಕಾರು ಕೈಕೊಟ್ಟರೆ ಕಂಪನಿಯ ವರ್ಕ್‌ಶಾಪಿನ ದಾರಿಯೊಂದೇ. ತಿಂಗಳುಗಟ್ಟಲೆ ನಿಲ್ಲಿಸಿ ವಿದೇಶಕ್ಕೆ ಹೋದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದು ಕಾರು ಏಳುವುದಿಲ್ಲ, ದೊಡ್ಡ ಬ್ಯಾಟರಿ ಒಳಗೆ ಗಟ್ಟಿಯಾಗಿದ್ದರೂ. ವಾರಂಟಿ ಮುಗಿಯುವ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಲೆಯಲ್ಲಿ ಚೌಕಾಶಿ ಮಾಡುವುದಂತೂ ಖಂಡಿತ.

ಟ್ಯಾಕ್ಸಿಯವರ ಲೆಕ್ಕ ಇನ್ನೂ ಕಟುವಾದದ್ದು, ಹಾಗಾಗಿ ಕಲಿಯಲು ಹೆಚ್ಚಿದೆ. ವರ್ಷಕ್ಕೆ 50,000 ಕಿಲೋಮೀಟರ್ ಓಡುವ ಇನ್ನೋವಾ ಕ್ರಿಸ್ಟಾ ಡೀಸೆಲ್ ಲೀಟರಿಗೆ 12 ಕೊಟ್ಟರೆ, 91 ರೂಪಾಯಿಯ ಡೀಸೆಲಿನಲ್ಲಿ ವರ್ಷದ ಖರ್ಚು 3.79 ಲಕ್ಷ. ಹೈಕ್ರಾಸ್ ಹೈಬ್ರಿಡ್ 16 ಕೊಟ್ಟರೆ 3.22 ಲಕ್ಷ. ಉಳಿಯುವುದು 57 ಸಾವಿರ. ಅಷ್ಟು ಓಡಿದರೂ ಇಷ್ಟೇ, ಏಕೆಂದರೆ ಎದುರಿಗಿರುವುದು ಪೆಟ್ರೋಲ್ ಅಲ್ಲ, ಅಗ್ಗದ ಡೀಸೆಲ್. ಓಟವೂ ಹೆದ್ದಾರಿಯದೇ ಹೆಚ್ಚು. ಕಾರಿನ ಬೆಲೆಯ ಅಂತರ ಲಕ್ಷಗಳಲ್ಲಿದೆ. ಮೈಸೂರು, ಮಡಿಕೇರಿ ಟ್ರಿಪ್ಪಿಗೆ ಹೋಗುವ ಚಾಲಕರು ಇನ್ನೂ ಕ್ರಿಸ್ಟಾ ಬಿಡದಿರುವುದು ಹೊಸದನ್ನು ಕಂಡ ಅಂಜಿಕೆಯಿಂದಲ್ಲ, ಲೆಕ್ಕ ಗೊತ್ತಿರುವುದರಿಂದ.

ಇಷ್ಟೆಲ್ಲ ಕೂಡಿ ಕಳೆದ ಮೇಲೂ ಹೈಬ್ರಿಡ್ ಕೊಂಡವರು ಬೇಸರಪಟ್ಟದ್ದನ್ನು ನಾನು ಹೆಚ್ಚು ಕೇಳಿಲ್ಲ. ಗೇರಿನ ಜಗ್ಗಾಟವಿಲ್ಲ, ಟ್ರಾಫಿಕ್ಕಿನಲ್ಲಿ ಕಾರು ಸದ್ದಿಲ್ಲದೆ ತೆವಳುತ್ತದೆ, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಸಿಗ್ನಲ್ಲಿಗೆ ನಿಂತಾಗಲೂ ಎಸಿ ತಣ್ಣಗೇ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 490 ಲೀಟರ್ ಉಳಿಸಿದವರು ಒಂದು ಟನ್ನಿಗೂ ಮೀರಿ ಹೊಗೆಯನ್ನು ಊರಿನ ಗಾಳಿಗೆ ಬಿಡದೆ ತಡೆದಿದ್ದಾರೆ. ಇವೆಲ್ಲ ದುಡ್ಡು ಕೊಟ್ಟು ಕೊಳ್ಳಬಹುದಾದ ಒಳ್ಳೆಯ ಸಂಗತಿಗಳೇ. ಉಳಿತಾಯದ ಖಾತೆಯಲ್ಲಿ ಬರೆಯಬಾರದು, ಅಷ್ಟೆ. ಸುಖಕ್ಕೆ ಕೊಟ್ಟ ದುಡ್ಡನ್ನು ಉಳಿತಾಯ ಎಂದು ಮನೆಯವರಿಗೆ ಹೇಳುವ ಚಾಳಿ ಗಂಡಸರಲ್ಲಿ ಸ್ವಲ್ಪ ಹೆಚ್ಚು.

ಭಾವ ಬೇಕಿದ್ದರೆ ಇಷ್ಟು ಹೇಳಲಿ. ಇರುವ ಕಾರು ಚೆನ್ನಾಗಿ ಓಡುತ್ತಿದ್ದರೆ ಓಡಿಸು. ಹೇಗೂ ಹೊಸ ಕಾರು ತೆಗೆದುಕೊಳ್ಳುವುದಾದರೆ, ವರ್ಷಕ್ಕೆ 15,000 ಮೀರಿದ ಓಟ, ಅದರಲ್ಲಿ ಹೆಚ್ಚಿನದು ಊರೊಳಗೆ, ಮನೆಯಲ್ಲಿ ಚಾರ್ಜ್ ಮಾಡಲು ಜಾಗವಿಲ್ಲ, ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸಿದೆ ಎಂದರೆ ಹೈಬ್ರಿಡ್ ತಗೋ, ನಷ್ಟವಿಲ್ಲ. ಇದರಲ್ಲಿ ಎರಡು ಹೊಂದದಿದ್ದರೂ ಪೆಟ್ರೋಲ್ ಆಟೊಮ್ಯಾಟಿಕ್ಕೋ ಎಲೆಕ್ಟ್ರಿಕ್ಕೋ ನೋಡು. ಶೋರೂಮಿಗೆ ಹೋದಾಗ ಒಂದೇ ಸೌಲಭ್ಯದ ಎರಡೂ ಮಾದರಿಗಳ ಆನ್‌ರೋಡ್ ಬೆಲೆಯನ್ನು ಒಂದೇ ಹಾಳೆಯಲ್ಲಿ ಬರೆಸಿಕೋ. ಟೆಸ್ಟ್ ಡ್ರೈವನ್ನು ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಮಾಡಬೇಡ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ನೀನು ದಿನಾ ಆಫೀಸಿಗೆ ಹೋಗುವ ದಾರಿಯಲ್ಲಿ, ಆ ಹೊತ್ತಿಗೇ, ಎಸಿ ಹಾಕಿಕೊಂಡು ಓಡಿಸಿ ನೋಡು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಆಗ ಬಂದ ಅಂಕಿಯನ್ನು, 27.97 ಅನ್ನು ಅಲ್ಲ.